ಏಗಲಾಗದವರನ್ನೂ ನಮ್ಮನ್ನೂ ಪ್ರೀತಿಸುವುದು ಹೇಗೆ? ಕ್ರೈಸ್ತ ಕುಟುಂಬಗಳಿಗೊಂದು ಸಮಗ್ರ ಮಾರ್ಗದರ್ಶಿ

ಎಲ್ಲರ ಬದುಕಿನಲ್ಲೂ ಅಂಥವರೊಬ್ಬರು ಇರುತ್ತಾರೆ. ಫೋನಿನಲ್ಲಿ ಅವರ ಹೆಸರು ಕಂಡರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಅದು ಅತ್ತೆ ಇರಬಹುದು, ಓರಗಿತ್ತಿ ಇರಬಹುದು, ಕುಡಿದು ಬರುವ ತಮ್ಮ ಇರಬಹುದು. ಚರ್ಚ್ ಕಮಿಟಿಯಲ್ಲಿ ಮಾತು ಮಾತಿಗೂ ಅಡ್ಡ ಬರುವ ಹಿರಿಯರೂ ಇರಬಹುದು. ಭಾನುವಾರ ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ವಾಕ್ಯ ಕೇಳಿ ತಲೆಯಾಡಿಸುತ್ತೇವೆ. ಗೇಟಿನ ಹತ್ತಿರ ಅದೇ ಮನುಷ್ಯ ಎದುರಾದರೆ ಮುಖ ತಿರುಗಿಸುತ್ತೇವೆ.

ಮೈಸೂರು, ಮಂಡ್ಯ ಕಡೆ ಈ ಕಷ್ಟ ಸ್ವಲ್ಪ ಜಾಸ್ತಿಯೇ. ನಮ್ಮ ಸಭೆಗಳು ಚಿಕ್ಕವು. ಒಬ್ಬರಿಗೊಬ್ಬರು ನೆಂಟರು, ಇಲ್ಲವೇ ನೆಂಟರ ನೆಂಟರು. ಮುನಿಸಿಕೊಂಡವರು ಮುಂದಿನ ಮದುವೆಯಲ್ಲೋ ಸಾವಿನ ಮನೆಯಲ್ಲೋ ಪಕ್ಕದಲ್ಲೇ ಕೂತಿರುತ್ತಾರೆ. ತಪ್ಪಿಸಿಕೊಂಡು ಓಡಾಡುವುದು ಎಷ್ಟು ದಿನ ಆಗುತ್ತೆ?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರೀತಿಸುವುದು ಬೇರೆ, ಅವರು ಕೇಳಿದ್ದನ್ನೆಲ್ಲ ಕೊಡುವುದು ಬೇರೆ. ಲೂಕ 6:27-28ರಲ್ಲಿ ಯೇಸು ಶತ್ರುಗಳನ್ನು ಪ್ರೀತಿಸಿ ಎಂದ ಮೇಲೆ ಮೂರು ಕೆಲಸ ಹೇಳುತ್ತಾರೆ: ಹಗೆ ಮಾಡುವವರಿಗೆ ಒಳ್ಳೆಯದನ್ನು ಮಾಡಿ, ಶಪಿಸುವವರನ್ನು ಆಶೀರ್ವದಿಸಿ, ನೋಯಿಸುವವರಿಗಾಗಿ ಪ್ರಾರ್ಥಿಸಿ. ಮೂರೂ ಕೈಯಿಂದ, ಬಾಯಿಂದ ಮಾಡುವ ಕೆಲಸಗಳೇ. ಮನಸ್ಸು ಕರಗುವವರೆಗೆ ಕಾಯಬೇಕಾಗಿಲ್ಲ. ಇಂದೇ ಶುರು ಮಾಡಬಹುದು.

ಮುಂದೆ ಹೋಗುವ ಮುನ್ನ

ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ, ಜೀವ ಬೆದರಿಕೆ ಇದ್ದರೆ, ಮಗುವಿನ ಮೈಮುಟ್ಟುವವರಿದ್ದರೆ ಕೆಳಗಿನ ಹೆಜ್ಜೆಗಳು ಸದ್ಯಕ್ಕೆ ನಿಮಗಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗಷ್ಟೇ ಅಲ್ಲ, ಅದೇ ಮನೆಯಲ್ಲಿರುವ ತಾಯಿ, ಅಕ್ಕತಂಗಿಯರಿಗೂ ರಕ್ಷಣೆ ಕೊಡುತ್ತದೆ. ‘ನಿನ್ನ ಶಿಲುಬೆ ಕಣಮ್ಮ, ಹೊತ್ತುಕೋ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಊರಿನವರು ಯೇಸುವನ್ನು ಬೆಟ್ಟದ ಅಂಚಿನಿಂದ ಕೆಳಗೆ ದಬ್ಬಲು ಎಳೆದೊಯ್ದಾಗ ಅವರು ಆ ಗುಂಪಿನ ನಡುವೆಯೇ ಹಾದು ಹೊರಟುಹೋದರು (ಲೂಕ 4:29-30). ಅಪಾಯದಿಂದ ಎದ್ದು ಹೋಗುವುದು ಪಾಪವಲ್ಲ.

ಹೆಜ್ಜೆ 1: ಒಬ್ಬರನ್ನು ಮಾತ್ರ ಆರಿಸಿ

‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂದು ಹೊರಟರೆ ಯಾರನ್ನೂ ಪ್ರೀತಿಸಲಾಗುವುದಿಲ್ಲ. ಒಬ್ಬರನ್ನು ಆರಿಸಿ. ಒಂದು ಹಾಳೆಯಲ್ಲಿ ಅವರ ಹೆಸರು ಬರೆದು, ಕೆಳಗೆ ಅವರು ಏನು ಮಾಡುತ್ತಾರೆ ಎಂದು ಬರೆಯಿರಿ. ‘ಅವರು ಸೊಕ್ಕಿನವರು’ ಎಂದು ಬರೆದರೆ ಏನೂ ತಿಳಿಯದು. ‘ನೆಂಟರ ಮುಂದೆ ನನ್ನ ಅಡುಗೆಯನ್ನು ಹೀಯಾಳಿಸುತ್ತಾರೆ’ ಎಂದು ಬರೆದರೆ ಅದರ ಬಗ್ಗೆ ಏನಾದರೂ ಮಾಡಬಹುದು.

ಬರೆಯುವಾಗ ಇನ್ನೊಂದೂ ಗೊತ್ತಾಗುತ್ತದೆ. ಕೆಲವರು ಬರೀ ಕಿರಿಕಿರಿ. ಜಾಸ್ತಿ ಮಾತು, ಜಾಸ್ತಿ ಬಿಟ್ಟಿ ಸಲಹೆ. ಅಂಥವರಿಗೆ ಇಷ್ಟೆಲ್ಲ ಹೆಜ್ಜೆ ಬೇಡ, ಸ್ವಲ್ಪ ತಾಳ್ಮೆ ಸಾಕು. ಕೆಲವರು ನಿಜವಾಗಿಯೂ ಗಾಯ ಮಾಡಿರುತ್ತಾರೆ. ಈ ಮಾರ್ಗದರ್ಶಿ ಅವರ ಬಗ್ಗೆ.

ಹೆಜ್ಜೆ 2: ದೇವರ ಮುಂದೆ ದೂರು ಹೇಳಿ

ನಮಗೆ ಚಿಕ್ಕಂದಿನಿಂದ ‘ಸಿಟ್ಟು ಮಾಡ್ಕೋಬಾರದು, ಕ್ಷಮಿಸಿಬಿಡು’ ಎಂದೇ ಕಲಿಸಿದ್ದಾರೆ. ಅದರಿಂದ ಸಿಟ್ಟು ಹೋಗುವುದಿಲ್ಲ, ಒಳಗೆ ಇಳಿದು ಕೂರುತ್ತದೆ. ಆಮೇಲೆ ಮಕ್ಕಳ ಮೇಲೆ, ಪಾತ್ರೆಗಳ ಮೇಲೆ ತಿರುಗುತ್ತದೆ.

ಕೀರ್ತನೆಗಳನ್ನು ಬರೆದವರು ಹಾಗೆ ನುಂಗಿಕೊಂಡು ಕೂರಲಿಲ್ಲ. 13ನೇ ಕೀರ್ತನೆ ‘ಎಲ್ಲಿಯವರೆಗೆ’ ಎಂದು ದೇವರನ್ನೇ ನಾಲ್ಕು ಸಲ ಕೇಳುತ್ತದೆ. 55ನೇ ಕೀರ್ತನೆಯಂತೂ ಸಭೆಯೊಳಗಿನ ಜಗಳಕ್ಕೇ ಬರೆದ ಹಾಗಿದೆ. ನಿಂದಿಸಿದವನು ಶತ್ರುವಾಗಿದ್ದರೆ ಸಹಿಸುತ್ತಿದ್ದೆ, ಆದರೆ ಅವನು ನನ್ನ ಆಪ್ತ ಗೆಳೆಯ, ಜೊತೆಯಲ್ಲಿ ದೇವಾಲಯಕ್ಕೆ ಹೋಗುತ್ತಿದ್ದವನು ಎಂದು ಅಲ್ಲಿ ಗೋಳಿಡುತ್ತಾನೆ. 109 ಇನ್ನೂ ಖಾರ. ಅವೆಲ್ಲ ಬೈಬಲಿನಲ್ಲಿ ಉಳಿದಿವೆ ಅಂದರೆ, ನಿಮ್ಮ ದೂರಿಗೂ ಅಲ್ಲಿ ಜಾಗವಿದೆ.

ಮಾಡುವುದು ಹೀಗೆ. ಹತ್ತು ನಿಮಿಷ ಒಬ್ಬರೇ ಕೂರುವ ಜಾಗ ಹುಡುಕಿ. ಮನೆಯಲ್ಲಿ ಆಗದಿದ್ದರೆ ವಾರದ ದಿನ ಚರ್ಚಿಗೆ ಹೋಗಿ, ಜನ ಕಮ್ಮಿ ಇರುತ್ತಾರೆ. ಈ ಮೂರರಲ್ಲಿ ಒಂದು ಕೀರ್ತನೆಯನ್ನು ತುಟಿಯಲ್ಲೇ ಓದಿ. ಆಮೇಲೆ ನಿಮ್ಮ ಮಾತಿನಲ್ಲಿ, ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ, ನಡೆದದ್ದನ್ನೆಲ್ಲ ಹೇಳಿ. ಸೇಡಿನ ಆಸೆ ಇದ್ದರೆ ಅದನ್ನೂ ಹೇಳಿ. ಅಳು ಬಂದರೆ ಬರಲಿ.

ಅಲ್ಲಿ ಹೇಳಿದ್ದನ್ನು ಅದೇ ರಾತ್ರಿ ವಾಟ್ಸಾಪ್‌ನಲ್ಲಿ ಅವರಿಗೆ ಕಳಿಸಬೇಡಿ. ಸಿಟ್ಟಿನಲ್ಲೇ ಹೊತ್ತು ಮುಳುಗಬಾರದು ಎಂದು ಪೌಲ ಬರೆದಿದ್ದು (ಎಫೆಸ 4:26) ರಾತ್ರಿ ಹತ್ತು ಗಂಟೆಗೆ ಜಗಳ ಮುಗಿಸಿಯೇ ಮಲಗಬೇಕು ಎಂಬ ಕಾನೂನಾಗಿ ಅಲ್ಲ. ಸಿಟ್ಟು ಮನೆ ಮಾಡಿಕೊಳ್ಳಲು ಬಿಡಬೇಡಿ ಎಂಬ ಎಚ್ಚರಿಕೆ ಅದು. ಸುಸ್ತಾದ ಇಬ್ಬರು ಮಧ್ಯರಾತ್ರಿ ಮಾಡುವ ರಾಜಿ ಬೆಳಿಗ್ಗೆವರೆಗೂ ಉಳಿಯುವುದಿಲ್ಲ.

ಹೆಜ್ಜೆ 3: ನಿಮ್ಮನ್ನು ನೋಡಿಕೊಳ್ಳಿ

ಈ ಹೆಜ್ಜೆಯನ್ನು ನಮ್ಮ ಜನ ಹಾರಿಸಿಬಿಡುತ್ತಾರೆ. ತನ್ನನ್ನು ತಾನು ಪ್ರೀತಿಸುವುದು ಸ್ವಾರ್ಥ ಎಂಬ ಭಯ. ಕೊನೆಯ ದಿನಗಳಲ್ಲಿ ಜನ ಸ್ವಾರ್ಥಿಗಳಾಗುತ್ತಾರೆ ಎಂದು 2 ತಿಮೊಥೆ 3:2ರಲ್ಲಿ ಇದೆ, ನಿಜ. ಆದರೆ ಅದೇ ಪಟ್ಟಿಯಲ್ಲಿ ಹಣದಾಸೆ, ಜಂಬ, ಬೈಗುಳ, ತಂದೆತಾಯಿಗೆ ಎದುರಾಡುವುದೂ ಸೇರಿವೆ. ಎಲ್ಲರಿಗೂ ಬಡಿಸಿ, ಕೊನೆಗೆ ತಳ ಹಿಡಿದ ಅನ್ನ ತಿಂದು, ಮಂಡಿ ನೋವಿಗೆ ಮಾತ್ರೆ ತರಿಸಿಕೊಳ್ಳಲೂ ಹಿಂಜರಿಯುವ ತಾಯಿಗೆ ಆ ವಚನ ತೋರಿಸುವುದು ಅನ್ಯಾಯ.

‘ನಿನ್ನಂತೆಯೇ’ ಎಂಬುದು ಆಜ್ಞೆಯ ಒಳಗೇ ಇದೆ, ಯಾಜಕಕಾಂಡ 19:18ರಿಂದಲೂ. ತನ್ನನ್ನೇ ದಿನವಿಡೀ ಬೈದುಕೊಳ್ಳುವವರು ನೆರೆಯವರನ್ನು ತಮ್ಮಂತೆಯೇ ನೋಡಿದರೆ ಏನಾಗುತ್ತೆ ಯೋಚಿಸಿ. ಆ ಬೈಗುಳವೇ ಅವರಿಗೂ ಸಿಗುತ್ತದೆ, ಅಲ್ವಾ?

ಪ್ರವಾದಿ ಎಲೀಯನ ಕಥೆ ಓದಿ (1 ಅರಸು 19). ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ‘ಸಾಕಪ್ಪಾ, ಪ್ರಾಣ ತೆಗೆದುಕೋ’ ಎನ್ನುತ್ತಾನೆ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ದೂತ ಬಂದು ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ತಂಬಿಗೆಯಲ್ಲಿ ನೀರಿತ್ತು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ‘ಏಳು, ತಿನ್ನು, ದಾರಿ ದೂರ ಇದೆ’ ಎಂದ. ‘ಇಲ್ಲಿ ಏನು ಮಾಡುತ್ತಿದ್ದೀಯ?’ ಎಂಬ ಪ್ರಶ್ನೆ ಬಂದಿದ್ದು ಅವನು ಹೋರೇಬ್ ಬೆಟ್ಟ ತಲುಪಿದ ಮೇಲೆ. ಮೊದಲು ನಿದ್ದೆ, ಊಟ. ಪ್ರಶ್ನೆ ಆಮೇಲೆ.

ಹಾಗಾಗಿ ಈ ವಾರ ಮನೆಯವರ ಜೊತೆಗೇ ಕೂತು ಬಿಸಿ ಊಟ ಮಾಡಿ. ಮುಂದೂಡಿದ ಡಾಕ್ಟರ್ ಭೇಟಿ ಮುಗಿಸಿ. ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ನಂಬಿಕೆಯ ಕೊರತೆಯಲ್ಲ. ಎಲೀಯನಿಗೂ ಹಾಗೇ ಆಗಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮನೋರೋಗ ವಿಭಾಗವಿದೆ.

ಕೆಲವರಿಗೆ ತಮ್ಮನ್ನು ಪ್ರೀತಿಸಲು ಅಡ್ಡಿಯಾಗಿರುವುದು ಹಳೆಯ ಪಾಪ. ದೇವರು ಕ್ಷಮಿಸಿದ್ದಾರೆ ಎಂದು ಬಾಯಿ ಹೇಳುತ್ತದೆ, ಮನಸ್ಸು ಒಪ್ಪುವುದಿಲ್ಲ. ಅಂಥವರು ಯೋಹಾನ 21 ಓದಿ. ಯೇಸುವನ್ನು ಹಿಡಿದೊಯ್ದ ರಾತ್ರಿ ಅವರ ಶಿಷ್ಯ ಪೇತ್ರ ಬೆಂಕಿ ಕಾಯಿಸಿಕೊಳ್ಳುತ್ತ ‘ಅವರು ನನಗೆ ಗೊತ್ತಿಲ್ಲ’ ಎಂದು ಮೂರು ಸಲ ಅಂದಿದ್ದ. ಎದ್ದುಬಂದ ಯೇಸು ದಡದಲ್ಲಿ ಬೆಂಕಿ ಹಾಕಿ ಮೀನು ಸುಟ್ಟು, ‘ಬನ್ನಿ, ಊಟ ಮಾಡಿ’ ಎಂದು ಕರೆದರು. ಊಟವಾದ ಮೇಲೆ ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಕೇಳಿ, ಮೂರು ಸಲವೂ ಕೆಲಸ ಕೊಟ್ಟರು. ಕಥೋಲಿಕರಾದರೆ ಪಾಪನಿವೇದನೆಗೆ ಹೋಗಿ, ಫಾದರ್ ಬಾಯಿಂದ ಕ್ಷಮೆಯ ಮಾತು ಕಿವಿಯಾರೆ ಕೇಳಿ. ಬೇರೆ ಸಭೆಯವರು ನಂಬಿಕೆಯ ಪಾಸ್ಟರ್ ಬಳಿ ಹೇಳಿಕೊಂಡು ಒಟ್ಟಿಗೆ ಪ್ರಾರ್ಥಿಸಿ. ಒಬ್ಬರೇ ಹೊತ್ತುಕೊಂಡಿದ್ದಷ್ಟು ದಿನ ಅದು ಭಾರವೇ.

ಹೆಜ್ಜೆ 4: ಅವರಿಗಾಗಿ ಪ್ರಾರ್ಥಿಸಿ, ಆದರೆ ವಿವರವಾಗಿ

‘ಕರ್ತನೇ, ಅವರ ಬುದ್ಧಿ ಸರಿಮಾಡು’ ಎಂಬ ಪ್ರಾರ್ಥನೆ ಸುಲಭ. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಸಿಟ್ಟೇ ಇರುತ್ತದೆ. ಅವರ ಜೀವನದ ಒಂದು ನಿಜವಾದ ಕಷ್ಟ ಹಿಡಿಯಿರಿ. ಅವರ ಸಕ್ಕರೆ ಕಾಯಿಲೆ, ಮಗನ ಪಿಯುಸಿ ಪರೀಕ್ಷೆ, ಸಹಕಾರ ಸಂಘದ ಸಾಲ, ಕಬ್ಬಿನ ಬಾಕಿ ಹಣ. ಅದಕ್ಕಾಗಿ ಹೆಸರು ಹೇಳಿ ಬೇಡಿ. ಬೇಡಲು ವಿವರ ಬೇಕು, ವಿವರ ಬೇಕಾದರೆ ಅವರ ಕಡೆ ನೋಡಬೇಕು. ನೋಡಲು ಶುರು ಮಾಡಿದಾಗಲೇ ಅರ್ಧ ಕೆಲಸ ಆಗಿರುತ್ತದೆ.

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ, ಭಾನುವಾರ ಬಿಟ್ಟು 40 ದಿನ ಇದಕ್ಕೆ ಒಳ್ಳೆಯ ಕಾಲ. ಮಾಂಸ ಬಿಡುವವರು ಬಿಡಲಿ, ಜೊತೆಗೆ ಈ ಒಂದು ಹೆಸರನ್ನು ಹಿಡಿದುಕೊಳ್ಳಲಿ. ಮಂಗಳವಾರ ಡೋರ್ನಹಳ್ಳಿಯ ಸಂತ ಅಂತೋಣಿ ಪುಣ್ಯಕ್ಷೇತ್ರಕ್ಕೆ ಹೋಗುವವರು ಮದುವೆಗೆ, ಮಗುವಿಗೆ, ಕಳೆದುಹೋದ ವಸ್ತುವಿಗೆ ಬೇಡಿಕೊಳ್ಳುತ್ತಾರೆ. ಮುಂದಿನ ಸಲ ಈ ಹೆಸರನ್ನೂ ಒಯ್ಯಿರಿ.

ಅವರು ನಮ್ಮ ಧರ್ಮದವರೇ ಆಗಿರಬೇಕಿಲ್ಲ. ಪಕ್ಕದ ಮನೆಯವರು, ಆಫೀಸಿನ ಮೇಲಧಿಕಾರಿ ಯಾರೂ ಆಗಬಹುದು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ತಾವು ಪೂಜಿಸದ ಗುಡಿಗೆ ನೆರೆಯವರಿಗಾಗಿ ಕಲ್ಲು ಇಟ್ಟ ದೊರೆಯ ಊರಿನಲ್ಲಿ ಇದ್ದುಕೊಂಡು ನಾವು ಗೇಟಿನಾಚೆ ಇರುವವರಿಗೊಂದು ಪ್ರಾರ್ಥನೆ ಮಾಡಬಹುದು.

ಇದೇ ಹೊತ್ತಿಗೆ ಇನ್ನೊಂದು ಕೇಳಿಕೊಳ್ಳಿ: ನಾನು ಯಾರ ಪ್ರಾರ್ಥನೆಯಲ್ಲಿ ಏಗಲಾಗದವನು, ಏಗಲಾಗದವಳು? ಉತ್ತರ ಸಿಕ್ಕರೆ ಮತ್ತಾಯ 5:23-24ರ ಹಾಗೆ ಕಾಣಿಕೆಯನ್ನು ಅಲ್ಲೇ ಇಟ್ಟು ಮೊದಲು ಅವರ ಬಳಿ ಹೋಗಿ.

ಹೆಜ್ಜೆ 5: ಒಂದು ಸಣ್ಣ ಉಪಕಾರ

ದೊಡ್ಡದು ಬೇಡ. ಜ್ವರ ಬಂದಾಗ ಒಂದು ಪಾತ್ರೆ ಸಾರು. ಕ್ರಿಸ್‌ಮಸ್‌ಗೆ ಎಲ್ಲರ ಮನೆಗೆ ಕೊಡುವ ಕಜ್ಜಾಯ, ಚಕ್ಕುಲಿಯ ತಟ್ಟೆ ಅವರ ಮನೆಗೂ. ವಾಪಸ್ಸು ಏನೂ ನಿರೀಕ್ಷಿಸದೆ ಕೊಡಿ, ಕೊಟ್ಟಿದ್ದನ್ನು ಯಾರಿಗೂ ಹೇಳಬೇಡಿ. ತಟ್ಟೆ ಖಾಲಿ ವಾಪಸ್ಸು ಬಂದರೂ ಪರವಾಗಿಲ್ಲ.

ಉಪಕಾರಕ್ಕೂ ಅಳತೆ ಇದೆ ಎನ್ನುವುದನ್ನು ಒಳ್ಳೆಯ ಸಮಾರ್ಯದವನ ಕಥೆಯಲ್ಲೇ ನೋಡಬಹುದು (ಲೂಕ 10). ಅವನು ಗಾಯ ಕಟ್ಟಿದ, ತನ್ನ ಕತ್ತೆಯ ಮೇಲೆ ಕೂರಿಸಿದ, ಒಂದು ರಾತ್ರಿ ಆರೈಕೆ ಮಾಡಿದ. ಮಾರನೆಯ ದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ‘ನೋಡಿಕೋ, ಜಾಸ್ತಿ ಖರ್ಚಾದರೆ ವಾಪಸ್ಸು ಬಂದಾಗ ಕೊಡುತ್ತೇನೆ’ ಎಂದು ತನ್ನ ದಾರಿ ಹಿಡಿದ. ತನ್ನ ಪ್ರಯಾಣವನ್ನು ಅವನು ಕೈಬಿಡಲಿಲ್ಲ, ಭಾರವನ್ನು ಇನ್ನೊಬ್ಬರ ಜೊತೆ ಹಂಚಿಕೊಂಡ. ಹಾಸಿಗೆ ಹಿಡಿದ, ಬಾಯಿ ಜೋರಿರುವ ಮಾವನನ್ನು ಒಬ್ಬಳೇ ಸೊಸೆ ನೋಡಿಕೊಳ್ಳುತ್ತಿರುವ ಎಷ್ಟೋ ಮನೆಗಳಿವೆ. ಆ ಮನೆಯ ಬೇರೆ ಗಂಡುಮಕ್ಕಳು, ಹೆಣ್ಣುಮಕ್ಕಳು ಸರದಿ ಹಾಕಿಕೊಳ್ಳಬೇಕು. ಸರದಿ ಕೇಳುವುದು ಪ್ರೀತಿಯ ಕೊರತೆಯಲ್ಲ.

ಹೆಜ್ಜೆ 6: ಎದುರು ಕೂತು ಮಾತಾಡಿ

ಮತ್ತಾಯ 18:15 ಸ್ಪಷ್ಟವಾಗಿದೆ. ತಪ್ಪು ಮಾಡಿದವರ ಬಳಿ ಮೊದಲು ನೀವೊಬ್ಬರೇ ಹೋಗಿ. ನಾವು ಮಾಡುವುದು ಉಲ್ಟಾ. ಮೊದಲು ಅಕ್ಕನಿಗೆ ಫೋನು, ಆಮೇಲೆ ಫ್ಯಾಮಿಲಿ ಗ್ರೂಪು, ಕೊನೆಗೆ ಅವರಿಗೆ ಯಾರದೋ ಬಾಯಿಂದ ಸುದ್ದಿ.

ಹೊತ್ತು ನೋಡಿಕೊಳ್ಳಿ. ಹಸಿದಾಗ ಬೇಡ, ನೆಂಟರಿದ್ದಾಗ ಬೇಡ. ಕೈಗೆ ಕೆಲಸವಿದ್ದರೆ ಮಾತು ಹಗುರಾಗುತ್ತದೆ, ಕಣ್ಣಿಗೆ ಕಣ್ಣಿಟ್ಟು ನೋಡಬೇಕಾಗಿಲ್ಲ. ಒಂದು ಮಧ್ಯಾಹ್ನ ಜಗಲಿಯ ಮೇಲೆ ಅತ್ತೆ ಸೊಸೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾರೆ ಎಂದುಕೊಳ್ಳಿ.

“ಅತ್ತೆ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ.”

“ಏನವ್ವ, ಹೇಳು.”

“ಮೊನ್ನೆ ಬೀಗರು ಬಂದಿದ್ರಲ್ಲ, ಆವಾಗ ಬಸ್ಸಾರು ಬಾಯಿಗಿಡೋ ಹಾಗಿಲ್ಲ ಅಂದ್ರಿ. ಎಲ್ಲರೂ ನಕ್ಕರು. ನಂಗೆ ತುಂಬ ನೋವಾಯ್ತು.”

“ಅಯ್ಯೋ, ತಮಾಷೆಗಂದೆ ಕಣವ್ವ. ಅಷ್ಟಕ್ಕೆಲ್ಲ ಮನಸ್ಸಿಗೆ ಹಚ್ಕೋತಾರಾ?”

“ತಮಾಷೆಗೇ ಅಂದಿರ್ಬೋದು ಅತ್ತೆ. ಆದ್ರೆ ಉಪ್ಪು ಕಮ್ಮಿ ಇದ್ರೆ ಅಡುಗೆಮನೇಲೇ ಹೇಳಿ, ಹಾಕ್ತೀನಿ. ನೆಂಟರ ಮುಂದೆ ಬೇಡ.”

ಅತ್ತೆ ಸುಮ್ನಾಗಬಹುದು. ಎದ್ದು ಹೋಗಲೂಬಹುದು. ಇಲ್ಲಿಗೆ ನಿಲ್ಲಿಸಿ. ಸೊಸೆ ಒಂದು ಘಟನೆ ಹೇಳಿದಳು, ತನಗಾದ ನೋವು ಹೇಳಿದಳು, ಮುಂದೆ ಏನು ಬೇಕು ಎಂದಳು. ಮದುವೆಯ ದಿನದ ಸೀರೆ ವಿಷಯ, ಬಾಣಂತನದ ವಿಷಯ ಎಳೆದು ತರಲಿಲ್ಲ. ‘ನೀವು ಯಾವಾಗಲೂ ಹೀಗೇ’ ಅನ್ನಲಿಲ್ಲ. ಅವರು ಒಪ್ಪಲೇಬೇಕು ಎಂದು ಹಟ ಹಿಡಿಯಲೂ ಇಲ್ಲ.

ಮಾತಾಡುವುದೇ ತಪ್ಪು, ಇನ್ನೊಂದು ಕೆನ್ನೆ ತೋರಿಸಬೇಕು ಎನ್ನುವವರಿಗೆ ಯೋಹಾನ 18:23 ತೋರಿಸಿ. ಮಹಾಯಾಜಕನ ಮುಂದೆ ಕಾವಲುಗಾರ ಕೆನ್ನೆಗೆ ಹೊಡೆದಾಗ ಯೇಸು ‘ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ?’ ಎಂದು ಕೇಳಿದರು. ತಿರುಗಿ ಹೊಡೆಯಲಿಲ್ಲ, ಸುಮ್ನೆಯೂ ಇರಲಿಲ್ಲ.

ಮೊದಲ ಮಾತಿನಿಂದ ಏನೂ ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಇಬ್ಬರಿಗೂ ಬೇಕಾದವರನ್ನು ಆರಿಸಿ, ನಿಮ್ಮ ಪಾರ್ಟಿಯವರನ್ನಲ್ಲ. ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸಿ, ಅಲ್ಲೂ ಕೇಳದವರನ್ನು ಸುಂಕದವನಂತೆ (ಆಗಿನ ಜನ ದೂರವಿಡುತ್ತಿದ್ದ ತೆರಿಗೆ ವಸೂಲಿಗಾರನಂತೆ) ಎಣಿಸಿ ಎಂದು ವಚನ ಮುಗಿಯುತ್ತದೆ. ಅದನ್ನೇ ಹಿಡಿದು ಜನರನ್ನು ದೂರ ತಳ್ಳುವವರಿದ್ದಾರೆ. ಸುಂಕದವರ ಮನೆಯಲ್ಲಿ ಯೇಸು ಊಟಕ್ಕೆ ಕೂತಿದ್ದರು, ಸುಂಕದ ಮತ್ತಾಯನೇ ಅವರ ಶಿಷ್ಯನಾದ ಎನ್ನುವುದನ್ನು ಅವರು ಮರೆಯಬಾರದು.

ಹೆಜ್ಜೆ 7: ಕ್ಷಮಿಸಿ, ನಂಬಿಕೆಯನ್ನು ಮಾತ್ರ ನಿಧಾನವಾಗಿ ಕೊಡಿ

ಎಲ್ಲ ಹೆಜ್ಜೆಗಳಲ್ಲಿ ಇದು ಮುಖ್ಯ ಎಂದು ನನಗನ್ನಿಸುತ್ತದೆ. ಏಳೆಪ್ಪತ್ತು ಸಲ ಕ್ಷಮಿಸು ಎಂದು ಯೇಸು ಪೇತ್ರನಿಗೆ ಹೇಳಿದರು. ಏಳೆಪ್ಪತ್ತು ಸಲವೂ ಮನೆಯ ಬೀಗದ ಕೈ ಕೊಡು ಎಂದು ಹೇಳಲಿಲ್ಲ.

ದಾವೀದ ಸೌಲರನ್ನು ನೋಡಿ (1 ಸಮುವೇಲ 26). ತನ್ನನ್ನು ಕೊಲ್ಲಲು ಬಂದ ರಾಜ ಮಲಗಿದ್ದಾಗ ದಾವೀದ ಅವನ ತಲೆಯ ಬಳಿಯ ಈಟಿ ಎತ್ತಿಕೊಂಡ, ಕೂದಲು ಕೊಂಕಿಸಲಿಲ್ಲ. ಆಮೇಲೆ ದೂರದ ಗುಡ್ಡದ ಮೇಲೆ ನಿಂತು, ನಡುವೆ ಬೇಕಾದಷ್ಟು ಅಂತರ ಇಟ್ಟುಕೊಂಡು ಕೂಗಿದ. ಸೌಲ ‘ತಪ್ಪಾಯಿತು, ಹಿಂದಿರುಗಿ ಬಾ ಮಗನೇ’ ಎಂದ. ದಾವೀದ ‘ಯಾರಾದರೂ ಆಳು ಬಂದು ಈಟಿ ತೆಗೆದುಕೊಂಡು ಹೋಗಲಿ’ ಎಂದ. ತಾನು ಹೋಗಲಿಲ್ಲ. ಅಧ್ಯಾಯ ಮುಗಿಯುವಾಗ ದಾವೀದ ತನ್ನ ದಾರಿ ಹಿಡಿದ, ಸೌಲ ತನ್ನ ಜಾಗಕ್ಕೆ ಹೋದ. ಕೊಲ್ಲದೆ ಬಿಟ್ಟಿದ್ದು ಕ್ಷಮೆ, ಅರಮನೆಗೆ ವಾಪಸ್ಸು ಹೋಗದಿದ್ದುದು ವಿವೇಕ.

ಯೋಸೇಫನೂ ಹಾಗೇ. ತನ್ನನ್ನು ಮಾರಿದ್ದ ಅಣ್ಣಂದಿರು ತಮ್ಮ ತಪ್ಪಿನ ಬಗ್ಗೆ ಮಾತಾಡಿಕೊಳ್ಳುವುದನ್ನು ಕೇಳಿ ಮರೆಗೆ ಹೋಗಿ ಅತ್ತ, ಆದರೆ ತಾನು ಯಾರೆಂದು ಹೇಳಲಿಲ್ಲ. ಚಿಕ್ಕವನಾದ ಬೆನ್ಯಾಮೀನನನ್ನೂ ಇವರು ಬಿಟ್ಟುಕೊಡುತ್ತಾರಾ ಎಂದು ಪರೀಕ್ಷಿಸಿದ. ಹಿಂದೆ ‘ಇವನನ್ನು ಮಾರಿಬಿಡೋಣ’ ಎಂದ ಅದೇ ಯೆಹೂದ ‘ಹುಡುಗನ ಬದಲು ನನ್ನನ್ನು ಇಟ್ಟುಕೊಳ್ಳಿ’ ಎಂದಾಗ ತಡೆಯಲಾಗದೆ ಗುಟ್ಟು ಬಿಟ್ಟುಕೊಟ್ಟ (ಆದಿಕಾಂಡ 42-45). ಬದಲಾದ ನಡತೆ ಕಣ್ಣಿಗೆ ಕಂಡಿತು, ಬಾಗಿಲು ತೆರೆಯಿತು.

ನಮ್ಮ ಮನೆಗಳಲ್ಲಿ ಇದು ಹೇಗಿರುತ್ತದೆ? ಕುಡಿಯುವ ತಮ್ಮ ದುಡ್ಡು ಕೇಳುತ್ತಾನೆ. “ಮಗೂದು ಸ್ಕೂಲ್ ಫೀಸ್ ನಾನೇ ಹೋಗಿ ಕಟ್ತೀನಿ ಕಣೋ. ಕೈಗೆ ದುಡ್ಡು ಕೊಡಲ್ಲ. ಊಟಕ್ಕೆ ಯಾವಾಗ ಬೇಕಾದ್ರೂ ಬಾ. ಆಸ್ಪತ್ರೆಗೆ ಹೋಗ್ತೀನಿ ಅಂದ್ರೆ ನಾನೇ ಕರ್ಕೊಂಡು ಹೋಗ್ತೀನಿ.” ಇದನ್ನು ಒಂದು ಸಲ ಹೇಳಿ, ಪ್ರತಿ ಸಲವೂ ಹಾಗೇ ನಡೆದುಕೊಳ್ಳಿ. ಅವನು ಕೂಗಾಡಬಹುದು, ‘ನೀನೆಂಥ ಕ್ರೈಸ್ತ’ ಎನ್ನಬಹುದು. ಕೊಟ್ಟ ಹಣ ಅವನನ್ನು ಕೊಲ್ಲುತ್ತಿದ್ದರೆ ಕೊಡದಿರುವುದೇ ಒಳ್ಳೆಯದನ್ನು ಮಾಡುವುದು.

ಮಂಡ್ಯ ಕಡೆ ಅಣ್ಣತಮ್ಮಂದಿರ ಜಮೀನು ಜಗಳಕ್ಕೂ ಇದೇ ಮಾತು. ಒಟ್ಟಿಗಿದ್ದು ದಿನಾ ನಾಲೆ ನೀರಿಗೆ ಕಿತ್ತಾಡುವುದಕ್ಕಿಂತ ಪಾಲು ಮಾಡಿಕೊಂಡು, ಪತ್ರ ನೋಂದಾಯಿಸಿ, ಹಬ್ಬಕ್ಕೆ ಒಟ್ಟಿಗೆ ಉಣ್ಣುವುದು ಮೇಲು. ಅಬ್ರಹಾಮ ಮತ್ತು ಲೋಟರ ದನಗಾಹಿಗಳು ಜಗಳವಾಡಿದಾಗ ಹಿರಿಯನಾದ ಅಬ್ರಹಾಮನೇ ‘ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುತ್ತೇನೆ’ ಎಂದು ಆಯ್ಕೆಯನ್ನು ಲೋಟನಿಗೆ ಬಿಟ್ಟ (ಆದಿಕಾಂಡ 13). ಲೋಟ ನೀರಾವರಿಯ ಜಾಗ ಹಿಡಿದ. ಮುಂದಿನ ಅಧ್ಯಾಯದಲ್ಲಿ ಲೋಟ ಸೆರೆ ಸಿಕ್ಕಾಗ 318 ಜನರನ್ನು ಕಟ್ಟಿಕೊಂಡು ಬಿಡಿಸಲು ಓಡಿದವನು ಅದೇ ಅಬ್ರಹಾಮ. ಬೇರೆಯಾದ ಮೇಲೂ ಪ್ರೀತಿ ಉಳಿದಿತ್ತು.

ಹೆಜ್ಜೆ 8: ಅವರು ಈಗ ಇಲ್ಲದಿದ್ದರೆ

ಕೆಲವರಿಗೆ ಏಗಲಾಗದವರು ತೀರಿಹೋದ ಅಪ್ಪ, ಅಮ್ಮ. ಮಾತಾಡಲು ಎದುರಿಗಿಲ್ಲ, ನೋವು ಮಾತ್ರ ಇದೆ. ನವೆಂಬರ್ 2ರಂದು ಸಮಾಧಿಗೆ ಹೋಗುವ ಪದ್ಧತಿ ಇರುವವರು ಅವರಿಗೊಂದು ಪತ್ರ ಬರೆದು ಅಲ್ಲಿ ಓದಿ. ಅವರು ಮಾಡಿದ ಅನ್ಯಾಯವನ್ನೂ ಬರೆಯಿರಿ, ಕೊಟ್ಟ ಒಳ್ಳೆಯದನ್ನೂ ಬರೆಯಿರಿ. ಸತ್ತವರನ್ನು ಸಂತರನ್ನಾಗಿ ಮಾಡಬೇಕಾಗಿಲ್ಲ. ಪದ್ಧತಿ ಇಲ್ಲದವರು ಮನೆಯಲ್ಲೇ ದೇವರ ಮುಂದೆ ಓದಬಹುದು.

ಹೆಜ್ಜೆ 9: ಕೇಳುವವರೊಬ್ಬರನ್ನು ಇಟ್ಟುಕೊಳ್ಳಿ

ಇದು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಸಾಧ್ಯವಾದರೆ, ನಿಮ್ಮಿಂದಾಗುವಷ್ಟು ಮಟ್ಟಿಗೆ ಎಲ್ಲರೊಂದಿಗೆ ಸಮಾಧಾನವಾಗಿರಿ ಎಂದು ರೋಮ 12:18 ಹೇಳುತ್ತದೆ. ಆ ‘ಸಾಧ್ಯವಾದರೆ’ಯಲ್ಲಿ ದೊಡ್ಡ ಕರುಣೆ ಇದೆ. ಎದುರಿನವರ ಪಾಲಿನ ಕೆಲಸ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪಾಲನ್ನು ಬಿಡದೆ ಮಾಡಲು ಒಬ್ಬರ ಸಹಾಯ ಬೇಕು.

ನೆಂಟರಲ್ಲದವರನ್ನು ಆರಿಸಿ. ಗುಟ್ಟು ಉಳಿಸಿಕೊಳ್ಳುವವರಾಗಿರಲಿ, ನಿಮ್ಮ ತಪ್ಪನ್ನೂ ಮುಖಕ್ಕೆ ಹೇಳುವವರಾಗಿರಲಿ. ಮನೆ ಪ್ರಾರ್ಥನೆಗೆ ಬರುವ ಹಿರಿಯಕ್ಕ ಆಗಬಹುದು, ಒಬ್ಬ ಸಿಸ್ಟರ್ ಆಗಬಹುದು. ಗಂಡಸರು ಇನ್ನೊಬ್ಬ ಗಂಡಸನ್ನೇ ಹುಡುಕಿಕೊಳ್ಳಿ, ನಮ್ಮ ಗಂಡಸರಿಗೆ ಹೇಳಿಕೊಳ್ಳುವ ಅಭ್ಯಾಸವೇ ಕಮ್ಮಿ. ಹದಿನೈದು ದಿನಕ್ಕೊಮ್ಮೆ ಒಂದು ಕಾಫಿಗೆ ಭೇಟಿಯಾಗಿ. ಅವರಿಗೆ ಮೂರು ಪ್ರಶ್ನೆ ಕೇಳಲು ಹೇಳಿ: ಆ ಏಗಲಾಗದವರಿಗಾಗಿ ಪ್ರಾರ್ಥನೆ ಮಾಡಿದ್ರಾ? ಹೇಳಿದ ಮಿತಿಯನ್ನು ಉಳಿಸಿಕೊಂಡ್ರಾ? ಸರಿಯಾಗಿ ನಿದ್ದೆ, ಊಟ ಮಾಡಿದ್ರಾ? ಮೂರನೆಯದಕ್ಕೆ ‘ಇಲ್ಲ’ ಅಂದರೆ ಮೊದಲೆರಡನ್ನು ಆ ವಾರ ಬದಿಗಿಟ್ಟು ಮೂರನೇ ಹೆಜ್ಜೆಗೆ ವಾಪಸ್ಸು ಹೋಗಿ.